ಅತ್ತೆಯ ಕಾರು ಮತ್ತು ಬೆಳಗಿನ ಹೊಗೆ

ನಮ್ಮ ಅತ್ತೆಯ ಕಸುಬು ಕಿಟಕಿ ಪರದೆ ಹೊಲಿಯುವುದು. ಮನೆಮನೆಗೆ ಹೋಗಿ ಅಳತೆ ತೆಗೆದು, ಹೊಲಿದು, ತಾವೇ ಸ್ಟೂಲು ಹತ್ತಿ ನೇತುಹಾಕಿ ಬರುತ್ತಾರೆ. ಇಸ್ತ್ರಿಯಾಗದ ಬಟ್ಟೆಯನ್ನು ಗಿರಾಕಿಯ ಕಣ್ಣಿಗೆ ಬೀಳಿಸಿದವರಲ್ಲ. ಓಡಾಟಕ್ಕೆ ಅವರದೇ ಹಳೇ ಕಾರಿದೆ. ಮಾವ ಹೋದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ ಓಡಿಸಲು ಕಲಿತು, ಮಗನನ್ನು ಒಂದು ಮಾತೂ ಕೇಳದೆ ಕೊಂಡದ್ದು.

ಈಚೆಗೆ ಅದರ ಎಂಜಿನ್ ಆಯಿಲ್ ಹಾಕಿದಷ್ಟೂ ಇಳಿಯತೊಡಗಿತು. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ನೋಡಿ, ಪಿಸ್ಟನ್ ರಿಂಗು ಸವೆದಿರಬೇಕು, ಎಂಜಿನ್ ಪೂರ್ತಿ ಬಿಚ್ಚಬೇಕು, ಆ ದುಡ್ಡಿಗೆ ಇನ್ನೊಂದು ಹಳೇ ಕಾರೇ ಬರುತ್ತದೆ ಎಂದನಂತೆ. ನಮ್ಮವರಿಗೆ ಅಷ್ಟೇ ಬೇಕಿತ್ತು. ಗುಜರಿಗೆ ಹಾಕೋಣ, ಎಲ್ಲಿಗೆ ಬೇಕಾದರೂ ನಾನೇ ಬಿಡುತ್ತೇನೆ ಎಂದರು. ಅತ್ತೆ ಸೂಜಿಗೆ ದಾರ ಪೋಣಿಸುತ್ತಲೇ, "ನೀನು ಬಿಡೋದು ನಿನಗೆ ಪುರುಸೊತ್ತಾದಾಗ. ಹಾಗೇ ಗೆಳತಿ ಮನೆಗೆ ಹೋಗ್ಬೇಕು ಅನ್ನಿಸಿದ್ರೆ ನಿನ್ನ ಅಪ್ಪಣೆ ಕೇಳ್ಲಾ?" ಎಂದರು. ಆಮೇಲೆ ತಾಯಿ ಮಗನ ನಡುವೆ ಮಾತು ಬಿಗಿ.

ನಮ್ಮ ಮಗಳು ಪುಟ್ಟಿಗೆ ಹಲ್ಲು ಬರುತ್ತಿದೆ; ಅವಳ ಜೊತೆ ನನಗೂ ಬೇಗ ಎಚ್ಚರ. ಒಂದು ಬೆಳಗ್ಗೆ ಅವಳನ್ನು ಎತ್ತಿಕೊಂಡು ಬಾಲ್ಕನಿಗೆ ಬಂದರೆ ಕೆಳಗೆ ಅತ್ತೆ. ಕಾರು ಚಾಲೂ ಮಾಡಿದ್ದೇ ತಡ, ಹಿಂದಿನಿಂದ ನೀಲಿ ಹೊಗೆ ಬುಸ್ಸೆಂದಿತು. ಅತ್ತೆ ಇಳಿದು ಟವೆಲ್ಲಿನಿಂದ ಬೀಸಿ ಬೀಸಿ ಚದುರಿಸಿದರು. ತುಸು ಹೊತ್ತಿಗೆ ಹೊಗೆ ನಿಂತೇ ಹೋಯಿತು. ನನಗೆ ಸೋಜಿಗ. ಎಂಜಿನ್ ಅಷ್ಟು ಸವೆದಿದ್ದರೆ ದಾರಿಯುದ್ದಕ್ಕೂ ಉಗುಳಬೇಡವೇ?

"ಅತ್ತೆ, ಗ್ಯಾರೇಜಿಗೆ ಹೋದ ದಿನವೂ ಹೀಗೇ ಮಾಡಿದ್ರಾ?"

"ಮಾಡದೆ? ಹೊಗೆ ಬಿಟ್ಕೊಂಡು ನಾಲ್ಕು ಜನರ ಮುಂದೆ ಹೋಗ್ಲೇನೇ? ತೊಳೆದು, ಬಿಸಿ ಮಾಡಿ, ಅಚ್ಚುಕಟ್ಟಾಗಿ ತಗೊಂಡು ಹೋಗಿದ್ದೆ."

ಅವತ್ತೇ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟುಬಂದೆವು. ಮರುದಿನ ಬೆಳಗ್ಗೆ ಮೆಕ್ಯಾನಿಕ್ಕಿನ ಎದುರಲ್ಲೇ, ತಣ್ಣಗಿದ್ದಂತೆಯೇ ಚಾಲೂ ಮಾಡಿಸಿದೆವು. ಮತ್ತೆ ಬುಸ್. ಅವನು ನಕ್ಕುಬಿಟ್ಟ.

"ಜ್ವರ ಇಳಿಸ್ಕೊಂಡು ಬಂದ್ರೆ ಡಾಕ್ಟರಿಗೇನು ಗೊತ್ತಾಗ್ಬೇಕು ಅಮ್ಮಾ?"

ಅವನು ವಿವರಿಸಿದ್ದು ಇಷ್ಟು: ವಾಲ್ವಿನ ರಬ್ಬರ್ ಸೀಲು ಪೆಡಸಾಗಿ, ರಾತ್ರಿಯಿಡೀ ಆಯಿಲ್ ಒಳಗೆ ಜಿನುಗಿ, ಬೆಳಗ್ಗೆ ಉರಿಯುತ್ತದೆ. ಈ ಸಲ ಎಂಜಿನ್ನಿನೊಳಗಿನ ಒತ್ತಡ ಅಳೆದೂ ನೋಡಿದ; ರಿಂಗು ಗಟ್ಟಿಯಾಗಿಯೇ ಇತ್ತು. ಸೀಲು, ಹೇಗೂ ಬಿಚ್ಚಿದ್ದಕ್ಕೆ ಮೇಲ್ಮುಚ್ಚಳದ ಗ್ಯಾಸ್ಕೆಟ್, ಪ್ಲಗ್ಗು ಬದಲಾಯಿಸಿದ. ಪರದೆಯ ಒಂದು ಆರ್ಡರಿನ ದುಡ್ಡಲ್ಲಿ ಮುಗಿಯಿತು. ಹಳೇ ಸೀಲನ್ನೂ ಹೊಸದನ್ನೂ ನಾನು ಕೇಳಿ ಪಡೆದು ಹಿಸುಕಿ ನೋಡಿದೆ. ಹಳೆಯದು ಅಂಗಿಯ ಗುಂಡಿಯಂತೆ. ಹೊಸದು ಪುಟ್ಟಿಯ ಹಾಲಿನ ಬಾಟಲಿಯ ನಿಪ್ಪಲ್ಲಿನಷ್ಟು ಮೆತ್ತಗೆ.

ಕಾರು ಮನೆಗೆ ಬಂದ ಮರುದಿನ ಬೆಳಗ್ಗೆ ಅತ್ತೆ ಮಗನನ್ನೇ ಕರೆದು ಕಾರಿನ ಹಿಂದೆ ನಿಲ್ಲಿಸಿ ಚಾಲೂ ಮಾಡಿದರು. ಹೊಗೆಯಿಲ್ಲ. ಇವರು ಬಗ್ಗಿ ನೋಡಿದರು, ಮೂಸಿಯೂ ನೋಡಿದರು. ಎಲ್ಲಿಗೆ ಹೊರಟಿದ್ದು ಎಂದು ಕೇಳಿದ್ದಕ್ಕೆ ಅತ್ತೆ, ಅಳತೆಗೆ ಎಂದರು. ಬರುವುದು ಎಷ್ಟು ಹೊತ್ತಿಗೆ ಎಂದಿದ್ದಕ್ಕೆ, "ನೋಡೋಣ" ಎಂದು ಹೊರಟೇಬಿಟ್ಟರು.

ಒಳಗೆ ಬಂದು ನೋಡಿದರೆ ಅಳತೆಯ ಟೇಪು ಹೊಲಿಗೆ ಯಂತ್ರದ ಮೇಲೆಯೇ ಇತ್ತು. ಇವರು ಒಳಗೆ ಬರುವ ಮೊದಲೇ ಸುತ್ತಿ ಡ್ರಾಯರಿನಲ್ಲಿಟ್ಟೆ.