ಯಾರಿಗೂ ಏನೂ ಆಗಬೇಕಿಲ್ಲದ ತೋಟಪ್ಪ

ಶಿಕಾರಿಪುರ ತಾಲ್ಲೂಕು ಬಳ್ಳಿಗಾವಿಯ ತೋಟಪ್ಪನಿಗೆ ನಲವತ್ತು ದಾಟಿದೆ, ಮದುವೆಯಾಗಿಲ್ಲ. ಆಗಬಾರದೆಂಬ ಹಟ ಅವನಿಗಿರಲಿಲ್ಲ. ಹೆಣ್ಣು ಹೆತ್ತವರಿಗಿತ್ತು, ಅಷ್ಟೇ. ಹೊಲವಿದೆ, ಎಮ್ಮೆಗಳಿವೆ, ಸ್ವಂತ ಮನೆಯಿದೆ. ಕುಡಿತವಿಲ್ಲ, ಇಸ್ಪೀಟಿಲ್ಲ. ಆದರೂ ನೋಡಲು ಬಂದವರೆಲ್ಲ ಮಂಡಕ್ಕಿ ತಿಂದು, ಚಹಾ ಕುಡಿದು, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಎದ್ದವರೇ. ಅವರು ಇನ್ನೂ ಊರು ಮುಟ್ಟಿಲ್ಲವೋ ಏನೋ. ಅಪ್ಪ ಅವ್ವನಿಗೆ ಅವನೊಬ್ಬನೇ ಮಗ, ಅವರಿಗೂ ಒಡಹುಟ್ಟಿದವರಿರಲಿಲ್ಲ, ಈಗ ಅವರೂ ಇಲ್ಲ. ಯಾರದೋ ಮದುವೆಗೆ ಹೋಗಿ ಊಟಕ್ಕೆ ಕೂತರೆ ಪಕ್ಕದ ಎಲೆಯವರು, "ನೀವು ಹುಡುಗನಿಗೆ ಏನಾಗ್ಬೇಕ್ರೀ?" ಎಂದು ಕೇಳುವರು. ತೋಟಪ್ಪ ತಲೆ ಬಗ್ಗಿಸಿ ಪಾಯಸ ಉಣ್ಣುವನು.

ಇಂಥವನನ್ನು ಬೇಸ್‌ಬಾಲ್ ಹುಡುಕಿಕೊಂಡು ಬಂತು.

ಶಿಕಾರಿಪುರಕ್ಕೂ ಸೊರಬಕ್ಕೂ ಹೈಸ್ಕೂಲು ಹುಡುಗಿಯರ ಬೇಸ್‌ಬಾಲ್ ಪಂದ್ಯ ನಿಗದಿಯಾಗಿತ್ತು, ಗೆದ್ದವರು ಜಿಲ್ಲೆಗೆ. ಸಂಘಟಕರು ಕಳಿಸಿದ ನಿಯಮಾವಳಿಯ ಮೊದಲ ಸಾಲೇ ಹೀಗಿತ್ತು: ಅಂಪೈರ್ ಆದವರು ಆಡುವ ಯಾವ ಮಗುವಿಗೂ ಸಂಬಂಧಿಯಾಗಿರಬಾರದು, ಆಗಿದ್ದರೆ ಪಂದ್ಯ ರದ್ದು. ಬರೆದ ಪುಣ್ಯಾತ್ಮ ನಮ್ಮ ಸೀಮೆ ಕಂಡವನಲ್ಲ. ಇಲ್ಲಿ ಬಸ್ಸಿಗೆ ಕಾದು ನಿಂತ ಅಪರಿಚಿತರಿಬ್ಬರು ಬಸ್ಸು ಬರುವುದರೊಳಗೆ ಬೀಗರಾಗಿರುತ್ತಾರೆ. ಶಿಕಾರಿಪುರದ ಡ್ರಿಲ್ ಮೇಷ್ಟ್ರು ಹರೀಶ ಕೇಳಿದ ಮೊದಲನೆಯವರು ಚೆಂಡೆಸೆಯುವ ಹುಡುಗಿಯ ಸೋದರಮಾವ. ಎರಡನೆಯವರಿಗೆ ಅರ್ಧ ತಂಡವೇ ಮೊಮ್ಮಕ್ಕಳು. ಕೊನೆಗೆ ಅವನೂ ಸೊರಬದ ಮೇಷ್ಟ್ರು ಯತೀಶನೂ ಒಂದೇ ಬೈಕಿನಲ್ಲಿ ಬಳ್ಳಿಗಾವಿಗೆ ಬಂದರು.

"ನಿಮಗೆ ಈ ಎರಡು ತಾಲ್ಲೂಕಲ್ಲಿ ಯಾರಾದ್ರೂ ಏನಾದ್ರೂ ಆಗ್ಬೇಕೇನ್ರೀ?" ಎಂದ ಹರೀಶ.

"ಯಾರೂ ಏನೂ ಆಗ್ಬೇಕಿಲ್ರೀ."

ಆ ಮಾತು ಕೇಳಿ ಎದುರಿಗಿದ್ದವರು ಹಿಗ್ಗಿದ್ದನ್ನು ತೋಟಪ್ಪ ಹುಟ್ಟಿದ ಮೇಲೆ ಅದೇ ಮೊದಲು ಕಂಡದ್ದು. ಹರೀಶ ಅವನ ಎರಡೂ ಕೈ ಹಿಡಿದುಕೊಂಡ.

ತೋಟಪ್ಪ ನಿಯಮಾವಳಿಯನ್ನು ಎಮ್ಮೆಗಳ ಮುಂದೆ ಓದಿ ಓದಿ ಬಾಯಿಪಾಠ ಮಾಡಿದ. ಅಂಪೈರ್ ಮುಖಕ್ಕೆ ಕಂಬಿಯ ಮುಖವಾಡ, ಎದೆಗೆ ದಿಂಬಿನಂಥ ಕವಚ ಕಟ್ಟಿಕೊಳ್ಳಬೇಕು. ಆಟ ನಡೆಯುವಾಗ ಮುಖವಾಡ ತೆಗೆಯಬಾರದು, ಚೆಂಡಿಗೆ ಬೆನ್ನು ಹಾಕಬಾರದು. ಗುಡುಗು ಕೇಳಿದರೆ ಅರ್ಧ ಗಂಟೆ ಆಟ ನಿಲ್ಲಿಸಬೇಕು. ಪಂದ್ಯದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ದೂರದ ಕಲ್ಲುಕ್ವಾರಿಯಲ್ಲಿ ಢಂ ಎಂದಿತು. ತೋಟಪ್ಪ ಮಕ್ಕಳನ್ನೆಲ್ಲ ಶಾಲೆಯ ಜಗಲಿಗೆ ಅಟ್ಟಿದ.

"ಅದು ಕ್ವಾರಿ ಮಾರಾಯ್ರೇ!" ಎಂದ ಯತೀಶ.

"ಗುಡುಗಿದಂಗೆ ಕೇಳಿಸ್ತಲ್ರೀ? ಕೇಳಿಸಿದ್ರೆ ನಿಲ್ಲಿಸ್ರಿ ಅಂತೈತೆ. ಆಕಾಶದಾಗೆ ಅಂತ ಎಲ್ಲಿ ಬರ್ದಾರೆ?"

ಅರ್ಧ ಗಂಟೆ ಎಲ್ಲರೂ ನೀಲಿ ಆಕಾಶ ನೋಡುತ್ತ ಕೂತರು.

ಅವತ್ತೇ ಸಂಜೆ ತೋಟಪ್ಪನನ್ನು ನೋಡಲು ಸೊರಬದಿಂದ ಒಂದು ಸಂಬಂಧ ಬರುವುದಿತ್ತು. ಈಶ್ವರ್ ಎಂಬವರು, ಹಿಟ್ಟಿನ ಗಿರಣಿ ನಡೆಸುವ ತಂಗಿ ವನಜಾಕ್ಷಿಗಾಗಿ. ಅಂಥವರು ಆಟದ ನಡುವೆಯೇ ಮೈದಾನಕ್ಕೆ ಕಟ್ಟಿದ್ದ ಹಗ್ಗದಾಚೆ ಬಂದು, ಅವನ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತುಬಿಡಬೇಕೇ!

"ನಾನ್ರೀ, ಈಶ್ವರ್. ನಮ್ ಶರಣ್ಯಾನೂ ಸೊರಬದ ಕಡೆ ಆಡ್ತಿದಾಳೆ. ಮಗಳ ಆಟಾನೂ ನೋಡ್ದಂಗಾಯ್ತು, ನಿಮ್ಮನ್ನೂ ನೋಡ್ದಂಗಾಯ್ತು ಅಂತ ತಂಗೀನ ಕರ್ಕೊಂಡು ಬಂದೆ. ಸ್ವಲ್ಪ ಈ ಕಡೆ ತಿರುಗ್ತೀರಾ?"

ಚೆಂಡು ಬರುತ್ತಿತ್ತು. ತಿರುಗುವಂತಿಲ್ಲ.

"ಹೊಲ ಎಷ್ಟು ಎಕರೆ ಆಯ್ತು?"

"ಸ್ಟ್ರೈಕ್ ಎರಡು!" ಎಂದು ತೋಟಪ್ಪ ಚೆಂಡಿನ ಲೆಕ್ಕ ಕೂಗಿದ.

"ಎರಡೇನಾ?"

"ಬಾಲ್ ಮೂರು!"

"ಒಂದ್ಸಲ ಎರಡು ಅಂತಾರೆ, ಒಂದ್ಸಲ ಮೂರು ಅಂತಾರೆ!" ಎಂದು ಈಶ್ವರ್ ಗೊಣಗಿದರು. ಹಿಂದಿನಿಂದ ಹೆಂಗಸೊಬ್ಬಳು ಬಾಯ್ತುಂಬ ನಕ್ಕದ್ದು ಕೇಳಿಸಿತು. ಗಿರಣಿಯ ಸದ್ದನ್ನು ಮೀರಿ ಮಾತಾಡಿ ರೂಢಿಯಾದ ಗಂಟಲು. ತೋಟಪ್ಪನಿಗೆ ಆಸೆಯಾಯಿತು. ಆ ನಗು ತನ್ನ ಅಡುಗೆಮನೆಯಿಂದ ಕೇಳಿಬರಬೇಕು ಎಂದು. ಆದರೆ ಮಾತಿನ್ನೂ ಆಗಿಲ್ಲ, ಮುಖವನ್ನೇ ನೋಡಿಲ್ಲ. ನಿಯಮದ ಪ್ರಕಾರ ಇವರು ತನಗೇನೂ ಆಗಬೇಕಿಲ್ಲ ಎಂದುಕೊಂಡು ಮುಂದುವರಿದ.

ಕೊನೆಗೆ ಸೊರಬಕ್ಕೆ ಸಮ ಮಾಡಲು ಒಂದೇ ಓಟ ಬೇಕಿತ್ತು. ಓಡಿ ಬಂದವಳು ಶರಣ್ಯಾ, ಅವಳು ಔಟಾದರೆ ಸೊರಬ ಸೋತಂತೆ. ನೆಲದ ಮೇಲೆ ಜಾರಿ ತೋಟಪ್ಪನ ಕಾಲ ಬಳಿಯ ಬಿಳಿ ಹಲಗೆಗೆ ಪಾದ ಚಾಚಿದಳು. ಅದು ಮುಟ್ಟುವ ಮುಂಚೆ, ಹಲಗೆಯ ಹಿಂದೆ ಚೆಂಡು ಹಿಡಿಯಲು ನಿಂತಿದ್ದ ಶಿಕಾರಿಪುರದ ಪುಟ್ಟ ಕ್ಯಾಚರ್ ಅವಳ ಮೊಣಕಾಲಿಗೆ ಚೆಂಡು ಒತ್ತಿಬಿಟ್ಟಿದ್ದಳು. ಧೂಳೋ ಧೂಳು.

"ಔಟ್!" ಎಂದ ತೋಟಪ್ಪ.

ಸೊರಬದವರು ಮೈದಾನಕ್ಕೆ ನುಗ್ಗಿದರು. ಯತೀಶ ನಿಯಮಾವಳಿ ತೆಗೆದು ಈಶ್ವರ್ ಅವರ ಕಿವಿಯಲ್ಲಿ ಏನೋ ಊದಿದ. ಈಶ್ವರ್ ಮೈಕು ಕಿತ್ತುಕೊಂಡರು.

"ಪಂದ್ಯ ರದ್ದು! ಈ ಅಂಪೈರು ನಮ್ಮನೆ ಅಳಿಯ! ನನ್ನ ತಂಗೀನ ಇವರಿಗೆ ಕೊಡೋದು ಗಟ್ಟಿಯಾಗಿದೆ!"

ಹರೀಶನಿಗೆ ಜೀವ ಹೋದಂತಾಯಿತು. "ಸುಳ್ಳು! ಇವಂಗೆ ಯಾರ್ರೀ ಹೆಣ್ಣು ಕೊಡ್ತಾರೆ? ಬಳ್ಳಿಗಾವ್ಯಾಗೆ ಯಾರನ್ನಾದ್ರೂ ಕೇಳ್ರೀ! ವಯಸ್ಸು ನೋಡ್ರೀ, ತಲೆ ನೋಡ್ರೀ!"

ಶಿಕಾರಿಪುರದವರು ಚಪ್ಪಾಳೆ ಹೊಡೆದರು. ಹೀಗೆ ಪರ ತಾಲ್ಲೂಕಿನವರು ತೋಟಪ್ಪನನ್ನು ಅಳಿಯನೆಂದು ಅಪ್ಪಿಕೊಂಡರು, ಸ್ವಂತ ತಾಲ್ಲೂಕಿನವರು ಇವನಿಗೆ ಮದುವೆಯಾಗುವುದು ಸಾಧ್ಯವೇ ಇಲ್ಲವೆಂದು ಆಣೆ ಮಾಡಿದರು. ಸಂಘಟಕರೊಬ್ಬರು ಮೈಕು ತಂದು ಅವನ ಮುಖವಾಡದ ಮುಂದೆ ಹಿಡಿದರು.

"ನೀವೇ ಹೇಳಿ. ಇವರು ನಿಮಗೆ ಏನಾಗ್ಬೇಕು?"

ಒಂದು ಮಾತು ಅಂದರೆ ಸಾಕಿತ್ತು. ಬೀಗರು ಎಂದರೆ ಮನೆಗೆ ಹೆಂಡತಿ ಬರುತ್ತಾಳೆ, ಮುಂದಿನ ಮದುವೆಯೂಟದಲ್ಲಿ ತಲೆಯೆತ್ತಿ ಉತ್ತರ ಕೊಡಬಹುದು. ಪುಟ್ಟ ಕ್ಯಾಚರ್ ಇನ್ನೂ ಚೆಂಡು ಬಿಟ್ಟಿರಲಿಲ್ಲ. ಮೊಣಕೈ ತರಚಿ ರಕ್ತ ಬರುತ್ತಿತ್ತು. ಅವಳು ತೋಟಪ್ಪನನ್ನೇ ನೋಡುತ್ತಿದ್ದಳು.

"ಏನೂ ಆಗ್ಬೇಕಿಲ್ಲ," ಎಂದ ತೋಟಪ್ಪ. "ಹುಡುಗಿ ಔಟ್."

ಶಿಕಾರಿಪುರದವರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಕುಣಿದರು. ತೋಟಪ್ಪನ ಕಡೆ ಯಾರೂ ತಿರುಗಿ ನೋಡಲಿಲ್ಲ.

"ನಡಿ ವನಜಾ, ಬಸ್ಸಿಗೆ ಹೊತ್ತಾಯ್ತು," ಎಂದರು ಈಶ್ವರ್.

ವನಜಾಕ್ಷಿ ಕುರ್ಚಿ ಬಿಟ್ಟೇಳಲಿಲ್ಲ. "ಗಟ್ಟಿಯಾಗಿದೆ ಅಂದ್ಯಲ್ಲ ಅಣ್ಣ?"

"ಅದು ಪಂದ್ಯಕ್ಕೆ ಅಂದಿದ್ದು ಮಾರಾಯ್ತಿ!"

"ಮೈಕಲ್ಲಿ ಅಂದಿದೀಯ. ನಾಳೆ ಗಿರಣಿಗೆ ಬಂದೋರೆಲ್ಲ ಮದುವೆ ಯಾವಾಗ ಅಂತ ಕೇಳ್ತಾರೆ. ಎಂತ ಹೇಳ್ಲಿ?"

ಅವಳು ಎದ್ದು, ಹಗ್ಗದಡಿ ಬಗ್ಗಿ, ನೆಟ್ಟಗೆ ತೋಟಪ್ಪನ ಎದುರು ಬಂದು ನಿಂತಳು.

"ನಂಗೆ ಒಪ್ಪಿಗೆ."

ತೋಟಪ್ಪ ಮುಖವಾಡದೊಳಗಿಂದಲೇ ಅಂದ. "ಯೋಚ್ನೆ ಮಾಡಿ ಹೇಳ್ರೀ. ನೀವು ನನ್ನ ಮುಖಾನೇ ನೋಡಿಲ್ಲ."

"ನನ್ನ ಅಣ್ಣನ ಮಗಳಿಗೆ ಔಟ್ ಕೊಡೋವಾಗ," ಎಂದಳು ವನಜಾಕ್ಷಿ, "ನೀವೆಷ್ಟು ಯೋಚ್ನೆ ಮಾಡಿದ್ರಿ?"