ಕಾಕಾನ ದಮ್ಮು, ಕಾಕಾನ ನಿದ್ದೆ

ಜನವರಿ ಹನ್ನೆರಡು, ಭಾನುವಾರ, ಬೆಳಿಗ್ಗೆ ಆರೂವರೆ. ಮೂಡಲಗಿಯ ನಮ್ಮ ಮನೆಯ ಹಿತ್ತಲಲ್ಲಿ ಕಾಕಾ, ಅಂದರೆ ನಮ್ಮಪ್ಪನ ತಮ್ಮ, ನಾಲಿಗೆಯನ್ನು ಅಂಗುಳಿಗೆ ಒತ್ತಿ ಟೊಕ್ ಟೊಕ್ ಎನ್ನಿಸುತ್ತಿದ್ದಾನೆ. ಗೂಟದ ಎಮ್ಮೆ ತನ್ನನ್ನೇ ಕರೆದನೆಂದು ಹಗ್ಗ ಜಗ್ಗುತ್ತಿದೆ. ಕಂಠಕ್ಕೂ ಕಸರತ್ತು ಉಂಟೆಂದು ತಿಳಿಯದ ಕಾಲದಲ್ಲಿ ನಾವೆಲ್ಲ ಎಷ್ಟು ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದೆವು!

ಕಾಕಾನ ಗೊರಕೆ ನನ್ನ ಬಾಲ್ಯದ ಜೋಗುಳ. ಸೋಮವಾರ ಸಂಜೆ ಪಡಸಾಲೆಯಲ್ಲಿ ಭಜನೆ. ಪದದ ಕೊನೆಯ ಸಾಲನ್ನು ಒಂದೇ ಉಸಿರಿನಲ್ಲಿ ಹೆಚ್ಚು ಹೊತ್ತು ಹಿಡಿದವರಿಗೆ ಮೊದಲ ಚಹಾ ಎಂಬುದು ಮೇಳದ ಪದ್ಧತಿ. ಆ ಚಹಾ ಕಾಕಾನ ಕೈ ತಪ್ಪಿದ್ದನ್ನು ನಾನು ಕಂಡಿಲ್ಲ. ತಾಳ ಕೆಳಗಿಟ್ಟವನೇ ಕಂಬಳಿಯ ಮೇಲೆ ಅಡ್ಡಾಗುತ್ತಿದ್ದ, ನಾನು ಬೆನ್ನಿಗೆ ಅಂಟಿಕೊಳ್ಳುತ್ತಿದ್ದೆ. ಆ ಬೆನ್ನು ಗುಡುಗುತ್ತಿರುವಷ್ಟು ಹೊತ್ತು ಲೋಕದಲ್ಲಿ ಕೇಡೆಂಬುದಿಲ್ಲ ಎಂದು ನಂಬಿದ್ದೆ.

ಮೇಳ ಚದುರಿ ಹೋಯಿತು. ಕಾಕಾ ಕೊಣ್ಣೂರಿನ ತರಕಾರಿಯನ್ನು ಹುಕ್ಕೇರಿಯ ಸಂತೆಗೆ ಮುಟ್ಟಿಸುವ ಮೂರು ಗಾಲಿಯ ಟಂಟಂ ಓಡಿಸತೊಡಗಿದ. ಕಳೆದ ದೀಪಾವಳಿ ಮುಗಿದ ಮೇಲೆ ಒಂದು ದಿನ, ಹಾಡಹಗಲೇ ಕಾಕಾನಿಗೆ ಜೋಂಪು ಹತ್ತಿ, ಗಾಡಿ ಕಬ್ಬಿನ ಹೊಲ ಹೊಕ್ಕಿತು. ಪುಣ್ಯಕ್ಕೆ ಟೊಮೆಟೊಗಳಷ್ಟೇ ಜಜ್ಜಿದವು. ಗೋಕಾಕದ ಡಾಕ್ಟರು ನಿದ್ದೆಯ ಪರೀಕ್ಷೆ ಮಾಡಿಸಿ, ಮಲಗಿದಾಗ ಗಂಟಲು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುವ ಸ್ಲೀಪ್ ಅಪ್ನಿಯಾ ಇದು ಎಂದರು. ಆನೆಯ ಸೊಂಡಿಲಿನಂಥ ಕೊಳವೆಯಿಂದ ಮೂಗಿನೊಳಗೆ ಗಾಳಿ ಒತ್ತುವ ಯಂತ್ರ ಬರೆದುಕೊಟ್ಟರು. ಕಾಯಿಲೆ ಹತೋಟಿಗೆ ಬರುವ ತನಕ ಟಂಟಂ ಮುಟ್ಟುವಂತಿಲ್ಲ.

“ಊರಾಗ ನನಗಿಂತ ದೊಡ್ಡ ದಮ್ಮು ಯಾರಿಗೈತ್ರಿ? ನನಗ ಉಸಿರು ಸಾಲೂದಿಲ್ಲೇನು?” ಎಂದು ಕಾಕಾ ಕೆರಳಿದ. “ಗಂಟಲದ ಕಸರತ್ತು ಮಾಡಿದ್ರ ಈ ಸೊಂಡಿ ಬಿಡಬಹುದೇನ್ರಿ?”

“ಮಾಡ್ರಿ. ಕೆಲವರಿಗೆ ಅಷ್ಟಿಷ್ಟು ಉಪಯೋಗ ಆಗೇತಿ. ಆದ್ರ ಯಂತ್ರದ ಜೋಡಿ ಮಾಡ್ರಿ, ಯಂತ್ರ ಬಿಟ್ಟಲ್ಲ.”

ಕಾಕಾನ ಕಿವಿಗೆ ‘ಮಾಡ್ರಿ’ ಎಂಬುದಷ್ಟೇ ಬಿದ್ದಿತು. ಟೊಕ್ ಟೊಕ್ ಬೇಸರವಾದಾಗ ಹಳೆಯ ಭಜನೆಯ ಕೊನೆಯ ಸಾಲುಗಳನ್ನು ಎಳೆಯತೊಡಗಿದ. ಬಾಜೂ ಮನೆಯವರು, “ಮತ್ತ ಭಜನಿ ಚಾಲೂ ಆತೇನ್ರಿ?” ಎಂದು ಗೋಡೆಯಾಚೆಯಿಂದ ಕೇಳಿದರು. ಮನೆಗೆ ಸೋಮವಾರಗಳು ಮರಳಿದವೆಂದು ನಾನೂ ಹಿಗ್ಗಿದೆ. ಯಂತ್ರದ ಸೊಂಡಿಲು ಗೋಡೆಯ ಗೂಟಕ್ಕೇರಿತು. ಹಾಲಿನವನು ತಡವಾಗಿ ಬಂದದ್ದನ್ನೂ ದಿನಚರಿಯಲ್ಲಿ ದಾಖಲಿಸುವ ನಾನು, ಕಾಕಾನ ಮಧ್ಯಾಹ್ನದ ನಿದ್ದೆಯಲ್ಲಿ ಗೊರಕೆ ನಿಂತಾಗಲೆಲ್ಲ ಒಂದು ಚುಕ್ಕಿ ಇಟ್ಟೆ. ಪುಟ ನಕ್ಷತ್ರಲೋಕವಾಯಿತು.

ನಿನ್ನೆ ಊಟವಾದ ಮೇಲೆ, ಮಲಗಿದ್ದ ಕಾಕಾನ ಪಕ್ಕದಲ್ಲಿ ಕುಳಿತಿದ್ದ ಕಾಕಿಗೆ ಅದನ್ನು ಹೆಮ್ಮೆಯಿಂದ ತೋರಿಸಿದೆ. “ನೋಡು ಕಾಕಿ, ಗೊರಕಿ ಎಷ್ಟು ಕಡಿಮಿ ಆಗೇತಿ!”

ಅಷ್ಟರಲ್ಲಿ ಗೊರಕೆ ನಿಂತಿತು. ಕಾಕಿ ನನ್ನ ಕೈ ಹಿಡಿದು ಅವನ ಎದೆಯ ಮೇಲಿಟ್ಟಳು. ಎದೆ ಏಳಲು ಹೆಣಗುತ್ತಿತ್ತು. ಉಸಿರು ಮಾತ್ರ ಆಡುತ್ತಿರಲಿಲ್ಲ. ಕೊನೆಗೆ, ಬಾವಿಯಲ್ಲಿ ಮುಳುಗಿದವನು ಮೇಲೆದ್ದಂತೆ ಒಂದು ಸಪ್ಪಳ.

“ನೀ ಚುಕ್ಕಿ ಇಡೂ ಹೊತ್ತಿನ್ಯಾಗ ನಾ ದೇವರನ್ನ ನೆನಸ್ತೀನಿ, ತಂಗಿ,” ಎಂದಳು ಕಾಕಿ.

ಕಣ್ಣು ಬಿಟ್ಟ ಕಾಕಾ ನಮ್ಮಿಬ್ಬರ ಮುಖ ನೋಡಿದ. ಕಾಕಿ ಗೂಟದಿಂದ ಸೊಂಡಿಲು ತೆಗೆದು ಕೊಟ್ಟಳು: “ಹಾಕ್ಕೊಳ್ರಿ. ನಿಮ್ಮ ಚಹಾ ಯಾರೂ ಕಸ್ಕೊಳ್ಳೂದಿಲ್ಲ.” ಅವನು ಹಾಕಿಕೊಂಡ.

ಎಚ್ಚರದಲ್ಲಿ ಹೇಳಿದಂತೆ ಕುಣಿಯುವ ಕಂಠ ನಿದ್ದೆಯಲ್ಲಿ ಒಡೆಯನ ಮಾತನ್ನೂ ಕೇಳುವುದಿಲ್ಲ. ನಾನು ನಿಶ್ಶಬ್ದವನ್ನು ನೆಮ್ಮದಿಯೆಂದು ಬರೆದುಕೊಂಡಿದ್ದೆ. ಬಾಲ್ಯದಲ್ಲಿ ಆ ಬೆನ್ನಿನ ಗುಡುಗು ನಡುನಡುವೆ ನಿಲ್ಲುತ್ತಿತ್ತೇ? ನೆನಪಿಗೆ ಬರುತ್ತಿಲ್ಲ, ಬಹುಶಃ ಅಷ್ಟರಲ್ಲಿ ನಾನು ನಿದ್ದೆ ಹೋಗಿರುತ್ತಿದ್ದೆ.

ಹಿತ್ತಲಲ್ಲಿ ಈಗ ಟೊಕ್ ಟೊಕ್ ಮುಗಿದು ಕೊನೆಯ ಸಾಲು ಶುರುವಾಗಿದೆ. ಎಷ್ಟು ಹೊತ್ತು ಹಿಡಿಯುತ್ತಾನೆಂದು ನಾನು ಎಣಿಸುತ್ತಿಲ್ಲ. ಮತ್ತೆ ಉಸಿರೆಳೆದುಕೊಳ್ಳುವ ಸಪ್ಪಳಕ್ಕೆ ಕಾಯುತ್ತಿದ್ದೇನೆ. ಟಂಟಂ ಸಿಗುವುದೋ ಇಲ್ಲವೋ ಎಂಬುದನ್ನು ಮುಂದಿನ ತಿಂಗಳ ಪರೀಕ್ಷೆ ಹೇಳುತ್ತದೆ. ಕಂಠದ ಕಸರತ್ತು ಮಾಡಿ, ಮರುಪರೀಕ್ಷೆಯನ್ನೂ ಮಾಡಿಸಿಕೊಂಡವರು ನಿಮ್ಮಲ್ಲಿದ್ದರೆ ದಯವಿಟ್ಟು ಬರೆಯಿರಿ. ಡಾಕ್ಟರು ಹೇಳಿದ್ದರ ಜೊತೆಗೆ, ನಿಮ್ಮ ಎದೆಯ ಮೇಲೆ ಕೈ ಇಟ್ಟು ಕುಳಿತವರು ಹೇಳಿದ್ದನ್ನೂ.