ಕೊಟ್ಟೂರಿನ ಸನ್ಮಾನದ ಖಡ್ಗಗಳು

ಮೊನ್ನೆ ಹಗರಿಬೊಮ್ಮನಹಳ್ಳಿಯಲ್ಲಿ ಹೊಸ ಕನ್ನಡಕ ಮಾಡಿಸಿಕೊಂಡೆ. ಅಂಗಡಿಯವನು ಅದನ್ನು ಕೆಂಪು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟ. ಬಸ್ಸಿನಲ್ಲಿ ಕೂತು ಮುಚ್ಚಳ ತೆರೆದರೆ ಹಸಿ ಗೋಂದಿನ ವಾಸನೆ. ಕನ್ನಡಕ ಹಾಕಿಕೊಳ್ಳುವುದು ಬಿಟ್ಟು ಪೆಟ್ಟಿಗೆ ಮೂಸುತ್ತ ಕೂತ ಮುದುಕನನ್ನು ಪಕ್ಕದ ಹೆಣ್ಣುಮಗಳು ಅನುಮಾನದಿಂದ ನೋಡಿ, ತನ್ನ ಚೀಲವನ್ನು ಆಚೆಗೆ ಎಳೆದುಕೊಂಡಳು. ಆ ವಾಸನೆಗೆ ನನಗೆ ಖಡ್ಗ ನೆನಪಾಯಿತು ಎಂದಿದ್ದರೆ ಸೀಟನ್ನೇ ಬಿಟ್ಟು ಏಳುತ್ತಿದ್ದಳು. ನಿಮಗಾದರೆ ಹೇಳಬಹುದು.

ತೊಂಬತ್ತರ ದಶಕದಲ್ಲಿ ನಾನು ಕೂಡ್ಲಿಗಿಯಲ್ಲಿ ಹೈಸ್ಕೂಲು ಮಾಸ್ತರ. ಸಂಬಳಕ್ಕೆ ಕನ್ನಡ ಕಲಿಸುತ್ತಿದ್ದೆ, ಚಟಕ್ಕೆ ಸಭೆಗಳ ನಿರೂಪಣೆ ಮಾಡುತ್ತಿದ್ದೆ. ಹಡಗಲಿಯಿಂದ ಹರಪನಹಳ್ಳಿಯವರೆಗೆ ಯಾರಿಗೆ ಸನ್ಮಾನವಾದರೂ ಮೈಕಿನ ಮುಂದೆ ನಾನೇ. ನಾನು "ಇತಿಹಾಸದ ಪುಟಗಳನ್ನು ತಿರುವಿದಾಗ" ಎಂದು ದನಿ ಎತ್ತಿದರೆ, ಸೊಸೈಟಿಯ ಉಪಾಧ್ಯಕ್ಷರು ಕೂಡ ಒಂದು ಗಳಿಗೆ ತಮ್ಮನ್ನು ಪಾಳೇಗಾರರೆಂದೇ ತಿಳಿದು ಮೀಸೆ ಮುಟ್ಟಿಕೊಳ್ಳುತ್ತಿದ್ದರು. ಮಾತಿನಲ್ಲಿ ಪಾಳೇಗಾರನನ್ನು ಮಾಡುವುದು ನನ್ನ ಕೆಲಸ. ಅವನ ಕೈಗೆ ಖಡ್ಗ ಕೊಡುವುದು ಕೊಟ್ಟೂರಿನ ವೀರಭದ್ರಪ್ಪನ ಕೆಲಸ.

ವೀರಭದ್ರಪ್ಪ ಕುಲುಮೆಯವನು. ಅವರಪ್ಪ ಬಯಲಾಟದ ಮೇಳಗಳಿಗೆ ಕತ್ತಿ, ಗುರಾಣಿ, ಗದೆ ಮಾಡುತ್ತಿದ್ದನಂತೆ. ಮಗನಿಗೆ ಇನ್ನೂ ಒಂದು ಹುಚ್ಚಿತ್ತು. ಎಲ್ಲಿ ಹೊಲದ ಬದುವಿನಲ್ಲಿ ವೀರಗಲ್ಲು ಕಂಡರೂ ಸೈಕಲ್ಲು ಇಳಿದು, ಕಲ್ಲಿನ ವೀರನ ಕೈಯ ಕತ್ತಿಗೆ ದಾರ ಹಿಡಿದು ಅಳತೆ ತೆಗೆದುಕೊಳ್ಳುತ್ತಿದ್ದ. ಅದೇ ಬಾಗು, ಅದೇ ಹಿಡಿಕೆ ಅವನ ಖಡ್ಗದಲ್ಲಿ ಬರುತ್ತಿತ್ತು. ಹಿಡಿಕೆಯ ಹತ್ತಿರ ಅಲಗಿನ ಮೇಲೆ ಒಂದು ಪುಟ್ಟ ನಾಗರಹೆಡೆಯ ಮುದ್ರೆ ಒತ್ತುತ್ತಿದ್ದ. ಹೆಂಡತಿ ಗೌರಮ್ಮ ಒರೆಗೆ ಗೋಂದು ಬಳಿದು ಕೆಂಪು ಮಖಮಲ್ಲು ಅಂಟಿಸಿ ಜರಿ ಹೊಲಿಯುವಳು. ಗಿರಾಕಿಗಳ ಜೊತೆ ಮಾತಾಡುವವಳೂ ಅವಳೇ. ವೀರಭದ್ರಪ್ಪ ಕಬ್ಬಿಣದ ಜೊತೆ ಮಾತ್ರ ಮಾತಾಡುತ್ತಿದ್ದ.

ಮೊದಲು ಮೇಳಗಳು ಕೈಬಿಟ್ಟವು. ಕಿರೀಟದಿಂದ ಗಡ್ಡದವರೆಗೆ ಎಲ್ಲ ಬಾಡಿಗೆಗೆ ಸಿಗುವಾಗ ಸ್ವಂತ ಕತ್ತಿ ಯಾರಿಗೆ ಬೇಕು? ಆಗ ಕೈಹಿಡಿದದ್ದು ರಾಜಕೀಯ. ಗೆದ್ದವರಿಗೆ ಖಡ್ಗ, ಸೋತವರಿಗೆ ಸಮಾಧಾನಕ್ಕೆ ಖಡ್ಗ, ಪಕ್ಷ ಬಿಟ್ಟವರಿಗೆ ಬೀಳ್ಕೊಡುಗೆಯ ಖಡ್ಗ, ಆ ಕಡೆ ಸೇರಿದವರಿಗೆ ಸ್ವಾಗತದ ಖಡ್ಗ. ನಾಡಿನಲ್ಲಿ ರಾಜರಿದ್ದ ಕಾಲದಲ್ಲೂ ಇಷ್ಟು ಖಡ್ಗ ಖರ್ಚಾಗಿರಲಿಕ್ಕಿಲ್ಲ.

ಆದರೆ ಅದೇನು ಸುಖದ ವ್ಯಾಪಾರವಲ್ಲ. ಒಮ್ಮೆ ವೀರಭದ್ರಪ್ಪ ಖಡ್ಗದ ಗಂಟು ಹೊತ್ತು ಬಸ್ಸಿಳಿದಾಗ ಪೊಲೀಸರು ಹಿಡಿದರು. "ಸಾಹೇಬ್ರ, ಇದರಾಗ ಬದನಿಕಾಯಿ ಸೈತ ಹೆಚ್ಚಾಕ ಬರಂಗಿಲ್ರಿ" ಎಂದು ತನ್ನ ಅಂಗೈ ಮೇಲೇ ಅಲಗು ಎಳೆದು ತೋರಿಸಿ ಬಿಡಿಸಿಕೊಂಡು ಬಂದ. ಗೌರಮ್ಮ ಗಿರಾಕಿಗಳಿಗೆ ಇದು ಅಸಲಿಯಂತೆ ಕಾಣುತ್ತದೆ ಎಂದು ಆಣೆ ಮಾಡಬೇಕು, ಇವನು ಪೊಲೀಸರಿಗೆ ನಕಲಿ ಎಂದು ಆಣೆ ಮಾಡಬೇಕು. ಅವರ ಕಸುಬಿನಲ್ಲಿ ಎರಡೂ ಕಡೆ ಸತ್ಯವನ್ನೇ ಹೇಳಬೇಕಿತ್ತು, ಎರಡೂ ಕಡೆ ನಂಬುತ್ತಿರಲಿಲ್ಲ.

ಅಷ್ಟರಲ್ಲಿ ತಗಡು ತುಟ್ಟಿಯಾಯಿತು, ಇದ್ದಿಲು ತುಟ್ಟಿಯಾಯಿತು. ಸನ್ಮಾನ ಮಾತ್ರ ಸೋವಿಯಾಗುತ್ತ ಹೋಯಿತು. ಊರಿಗೊಂದು ಅಭಿಮಾನಿ ಬಳಗ ಹುಟ್ಟಿತ್ತು, ಪ್ರತಿ ಬಳಗವೂ ಹೋದ ಸಲಕ್ಕಿಂತ ಕಡಿಮೆಗೆ ಕೇಳುತ್ತಿತ್ತು. ಆದರೆ ಒರೆ ಉದ್ದ ಇರಬೇಕು, ಹಿಂದಿನ ಸಾಲಿನವರಿಗೂ ಕಾಣಬೇಕು. ಗೌರಮ್ಮ ಒಂದು ದಿನ ಗಂಡನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ: "ಮಂದಿ ನೋಡೂದು ಒರಿನ. ಒಳಗ ಐತೋ ಇಲ್ಲೋ ಯಾವನು ಹಿರಿದು ನೋಡತಾನ? ಒಂದು ಗೇಣು ಕಡಿಮಿ ಮಾಡು."

ಅವನು ಅವತ್ತು ಉಣ್ಣದೆ ಎದ್ದು ಹೋದ. ಆಮೇಲೆ ಮಾಡಿದ. ಮುಂದೆ ಇನ್ನೊಂದು ಗೇಣು ಹೋಯಿತು. ಕಡೆಗೆ ಹಿಡಿಕೆಗೆ ಬಾಳೆಹಣ್ಣಿನಷ್ಟು ಅಲಗು ಉಳಿಯಿತು. ಉಳಿದ ಒರೆಗೆ ಕಟ್ಟಿಗೆಹೊಟ್ಟು ತುಂಬುತ್ತಿದ್ದರು. ಮುದ್ರೆ ಒತ್ತಲು ಜಾಗವೇ ಇರಲಿಲ್ಲ.

ಹಡಗಲಿಯಲ್ಲಿ ಒಂದು ದೊಡ್ಡ ಸನ್ಮಾನ. ನಾಯಕರ ಹೆಸರು ಬೇಡ, ಅಂಥವರು ಎಲ್ಲ ಪಕ್ಷದಲ್ಲೂ ಇದ್ದರು. ಪೇಟ ಸುತ್ತಿದ್ದಾಯಿತು, ಹಾರ ಹಾಕಿದ್ದಾಯಿತು. ಖಡ್ಗ ಕೈಗೆ ಬಂತು. ನಾನು ಮೈಕಿನಲ್ಲಿ, "ಶತ್ರುಗಳ ಎದೆ ನಡುಗಿಸುವ ಈ ಖಡ್ಗ" ಎನ್ನುವಷ್ಟರಲ್ಲಿ ಕೆಳಗಿನಿಂದ ಫೋಟೋಗ್ರಾಫರ್ ಕೂಗಿದ: "ಸಾಹೇಬ್ರ, ಹಿರಿದು ಮ್ಯಾಲೆ ಹಿಡೀರಿ, ಫೋಟೋ ಭಾರಿ ಬರ್ತೈತಿ!"

ನಾಯಕರು ಹಿರಿದರು. ಕೈ ತಲೆಯ ಮೇಲೆ ಹೋಯಿತು. ಕೈಯಲ್ಲಿ ಹಿಡಿಕೆ, ಅದರ ತುದಿಗೆ ಬಾಳೆಹಣ್ಣು. ಉಳಿದದ್ದು ಒಳಗೆ ಸಿಕ್ಕಿದೆ ಎಂದುಕೊಂಡು ಅವರು ಒರೆಯನ್ನು ಬೋರಲು ಮಾಡಿ ಕೊಡವಿದರು. ಹೊಟ್ಟು ಸುರಿದು ಅವರ ಬಿಳಿ ಪಂಚೆಯ ಮೇಲೆ ಬಿತ್ತು. ಹೆಂಗಸರ ಸಾಲಿನಲ್ಲಿ ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು.

ಆದರೆ ರಾಜಕೀಯದಲ್ಲಿ ಮಾಗಿದ ಮನುಷ್ಯ ನೋಡಿ. ಹೊಟ್ಟು ಝಾಡಿಸಿಕೊಂಡು ಮೈಕಿಗೆ ಬಂದರು. "ಯಾಕ ನಗತೀರಿ? ನಾನಽ ಹೇಳಿ ಮಾಡಿಸೀನಿ ಇದನ್ನ. ಅಧಿಕಾರ ಅನ್ನೂದು ಕೈಯಾಗ ಇರಬೇಕು, ಯಾರನ್ನೂ ಕಡೀಬಾರದು!"

ಚಪ್ಪಾಳೆಗೆ ಶಾಮಿಯಾನ ಅದುರಿತು. ನಾನೇನು ಕಡಿಮೆ? "ಇದೋ, ಅಹಿಂಸಾ ಖಡ್ಗ!" ಎಂದು ಅಲ್ಲೇ ನಾಮಕರಣ ಮಾಡಿಬಿಟ್ಟೆ. ಕೂತಿದ್ದವರು ಎದ್ದು ನಿಂತರು.

ಆದರೂ ವೇದಿಕೆ ಇಳಿಯುವಾಗ ನಾಯಕರ ಕಪ್ಪಿಟ್ಟ ಮುಖ ನೋಡಿದ್ದೆ. ಮರುದಿನ ಬೆಳಿಗ್ಗೆ ಕೊಟ್ಟೂರಿಗೆ ಓಡಿದೆ. ಸುದ್ದಿ ಕೇಳಿ ವೀರಭದ್ರಪ್ಪ ತಿದಿಯ ಪಕ್ಕ ಕುಸಿದು ಕೂತ. "ನಮ್ಮಪ್ಪನ ಹೆಸರು ಮಣ್ಣಾತು ಮಾಸ್ತರ" ಎಂದ. ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದು. ಬಿಳಿ ಅಂಗಿಯವರು ನಾಲ್ಕೈದು ಮಂದಿ ಇಳಿದರು. ನಾನು ಮೈಕಿಲ್ಲದೆ ಏನೂ ಮಾತಾಡಲಾರದ ಮನುಷ್ಯ, ಕಂಬದ ಹಿಂದೆ ಸರಿದೆ. ಗೌರಮ್ಮ ಕುಲುಮೆಯ ಇಕ್ಕಳ ತೆಗೆದುಕೊಂಡು ಬಾಗಿಲಿಗೆ ಅಡ್ಡ ನಿಂತಳು.

"ಯಾರು ಮಾಡಿದ್ದು ನಿನ್ನಿ ಖಡ್ಗ?" ಎಂದ ಮುಂದಿದ್ದವನು.

"ನಾವಽ ಮಾಡೀವಿ. ನೀವು ರೇಟು ಕಡದ್ರಿ, ನಾವು ಖಡ್ಗ ಕಡದ್ವಿ. ಇನ್ನೂ ಕಡೀರಿ, ಬರೇ ಒರಿ ಕೊಡ್ತೀವಿ. ಹೊಡಿಯಾಕ ಬಂದಿದ್ರ ಮೊದಲು ನನ್ನನ್ನ ಹೊಡೀರಿ."

ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. "ಹೊಡಿಯಾಕ ಯಾಕ ಬರೋಣಬೇ? ಅಂಥಾವಽ ಇನ್ನೂ ಬೇಕಾಗ್ಯಾವ. ಎಲ್ಲಾ ಹೋಬಳಿಗೂ ಕೊಡಬೇಕಂತ ಹೇಳ್ಯಾರ ಸಾಹೇಬ್ರು."

ಗೌರಮ್ಮನ ಕೈಯಲ್ಲಿ ಇಕ್ಕಳ ಹಾಗೇ ಉಳಿಯಿತು. ಆಗ ವೀರಭದ್ರಪ್ಪ ಎದ್ದು ಬಂದ. ಗಿರಾಕಿಗಳೆದುರು ಅವನು ಬಾಯಿ ತೆರೆದದ್ದನ್ನು ನಾನು ಕಂಡದ್ದು ಅದೇ ಮೊದಲು. "ಮಾಡಿ ಕೊಡ್ತೀನ್ರಿ, ಕುಲುಮಿ ಆರಬಾರದು. ಆದ್ರ ಅದನ್ನ ಖಡ್ಗ ಅಂತ ಮಾತ್ರ ಕರೀಬ್ಯಾಡ್ರಿ."

ಅವರು ಕರೆದರು. ಎಲ್ಲರೂ ಕರೆದರು. ಹರಪನಹಳ್ಳಿಯಿಂದ, ಕಾನಹೊಸಹಳ್ಳಿಯಿಂದ, ಹೊಳಲಿನಿಂದ ಅಹಿಂಸಾ ಖಡ್ಗಕ್ಕೆ ಜನ ಬಂದರು. ಒಂದು ಚುನಾವಣೆಯ ಹೊಡೆದಾಟದಲ್ಲಿ ತಲೆ ಒಡೆಸಿಕೊಂಡವರೂ ಮುಂದಿನ ಚುನಾವಣೆಯಲ್ಲಿ ಅದನ್ನೇ ಕೊಟ್ಟು ಫೋಟೋ ತೆಗೆಸಿಕೊಂಡರು. ವೀರಭದ್ರಪ್ಪನ ಮನೆಗೆ ಕಾಂಕ್ರೀಟು ಸೂರು ಬಂತು. ಅವನ ಮುಖ ಮಾತ್ರ ದಿನದಿನಕ್ಕೆ ಸಣ್ಣದಾಯಿತು. ಸೈಕಲ್ಲಿನಲ್ಲಿ ಹೋಗುವಾಗ ವೀರಗಲ್ಲು ಕಂಡರೆ ಕತ್ತು ತಿರುಗಿಸಿಕೊಳ್ಳುತ್ತಿದ್ದ ಎಂದು ಗೌರಮ್ಮ ಒಮ್ಮೆ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಇಕ್ಕಳದ ಗಟ್ಟಿತನ ಇರಲಿಲ್ಲ.

ಆ ಐಸಿರಿಯೂ ಬಹಳ ಕಾಲ ಬಾಳಲಿಲ್ಲ. ಉತ್ತರದ ಕಡೆಯಿಂದ ಪ್ಲಾಸ್ಟಿಕ್ಕಿನವು ಬಂದವು, ಹಿಡಿಕೆಯ ಮೇಲೆ ಗಾಜಿನ ಹರಳು ಬೇರೆ. ಅದರಲ್ಲಿ ಒರೆಯನ್ನೂ ಹಿಡಿಕೆಯನ್ನೂ ಒಂದೇ ಅಚ್ಚಿನಲ್ಲಿ ಎರೆದಿದ್ದರು. ಹಿರಿಯುವ ಪ್ರಶ್ನೆಯೇ ಇಲ್ಲ. ಕೊಟ್ಟೂರಿನ ಖಡ್ಗಕ್ಕೆ ಗಿರಾಕಿ ನಿಂತುಹೋಯಿತು. ನಾನು ಕರುಣೆಯಿಂದ ಮುಖ ಸಪ್ಪೆ ಮಾಡಿಕೊಂಡು ಮಾತಾಡಿಸಲು ಹೋದರೆ, ವೀರಭದ್ರಪ್ಪ ಹೊಟ್ಟೆತುಂಬ ಉಂಡು ಕಟ್ಟೆಯ ಮೇಲೆ ಗೊರಕೆ ಹೊಡೆಯುತ್ತಿದ್ದ. "ಭಾಳ ದಿನ ಆಗಿತ್ರಿ ಹಿಂಗ ಮಲಗಿ, ಎಬ್ಬಿಸಬ್ಯಾಡ್ರಿ" ಎಂದಳು ಗೌರಮ್ಮ.

ಇಷ್ಟು ನೆನಪಾಗುವಷ್ಟರಲ್ಲಿ ಮೊನ್ನೆಯ ಬಸ್ಸು ಮನೆ ಮುಟ್ಟಿಸಿತು. ಆದರೆ ಮರುದಿನ ತಡೆಯಲಾಗದೆ ಕೊಟ್ಟೂರಿಗೆ ಹೊರಟೆ. ನೆಪಕ್ಕೆ ನಮ್ಮ ಮನೆಗೊಂದು ಗೇಟು ಬೇಕಾಗಿತ್ತು. ಅವರೀಗ ಗೇಟು, ಕಿಟಕಿಯ ಸರಳು ಮಾಡುತ್ತಾರೆ. ವೀರಭದ್ರಪ್ಪನ ಕೂದಲು ಪೂರಾ ಬೆಳ್ಳಗಾಗಿದೆ. ಬೇಸರವಿಲ್ಲವೇನಪ್ಪ ಎಂದು ಕೇಳಿದೆ.

"ಯಾಕ್ರಿ? ಗೇಟು ಅಂದ್ರ ದಿನಾ ತೆರೀತಾರ, ದಿನಾ ಮುಚ್ಚತಾರ. ನಾ ಏನು ಮಾಡೀನಿ ಅನ್ನೂದು ದಿನಾ ಗೊತ್ತಾಗತೈತಿ" ಎಂದ.

ನನಗೆ ಹಳೆಯ ಚಟ ಎದ್ದು, "ಇತಿಹಾಸದ ಪುಟಗಳನ್ನು" ಎಂದು ಶುರು ಮಾಡಿಯೇಬಿಟ್ಟೆ.

"ಮಾಸ್ತರ" ಎಂದಳು ಗೌರಮ್ಮ, "ವರ್ಣನಿ ಸಾಕು. ಅಳತಿ ಹೇಳ್ರಿ."

ಹೇಳಿದೆ. ಅಗಲ ಇಷ್ಟು, ಎತ್ತರ ಇಷ್ಟು. ನನ್ನ ಜೀವಮಾನದಲ್ಲೇ ಅಷ್ಟು ಚಿಕ್ಕ ಭಾಷಣ ಮಾಡಿರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೌರಮ್ಮ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಗೆರೆ ಎಳೆಯತೊಡಗಿದಳು. ನಾನು ಹೊಸ ಕನ್ನಡಕ ಹಾಕಿಕೊಂಡು ಆ ಗೆರೆ ನೋಡಿದೆ.